ಕೇಳಂಗಿಲ್ಲ, ಕೇಳಸಂಗಿಲ್ಲ

ನಮ್ಮ ಶಾಲೆಯ ಇಂಗ್ಲಿಷ್ ಬಾಯಾರು, ಅಂದರೆ ಇಂಗ್ಲಿಷ್ ಕಲಿಸುವ ಶಿಕ್ಷಕಿ, ನಿವೃತ್ತರಾಗುವ ವಾರ ಅವರ ಅಭಿನಂದನಾ ಪತ್ರ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಕನ್ನಡ ಮಾಸ್ತರನಾದವನ ಹಣೆಬರಹವೇ ಇದು. ಶಾಲೆಗೆ ಯಾರೇ ಬರಲಿ, ಯಾರೇ ಹೋಗಲಿ, ಮಾಲೆಯ ಜೊತೆಗೆ ಬೇಕಾಗುವ ನಾಲ್ಕು ಸಾಲು ಹೊಗಳಿಕೆಯನ್ನು ಅವನೇ ಹೊಂದಿಸಿ ಕೊಡಬೇಕು. ನಾನೂ ರೂಢಿಯಂತೆ ‘ಕರ್ತವ್ಯನಿಷ್ಠೆಯ ಪ್ರತಿರೂಪ’, ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಎಂದೆಲ್ಲ ಬರೆದು, ಚೌಕಟ್ಟು ಹಾಕಿಸುವ ಮುಂಚೆ ಒಂದು ಸಲ ಅವರ ಕಣ್ಣಿಗೆ ಬೀಳಲಿ ಎಂದು ತೋರಿಸಿದೆ. ಅದೇ ಎಡವಟ್ಟಾಯಿತು. ಅವರು ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು ಓದಿದರು. ಆಮೇಲೆ ಚೀಲದಿಂದ ಕೆಂಪು ಪೆನ್ನು ತೆಗೆದು ಒಂದೊಂದೇ ವಿಶೇಷಣಕ್ಕೆ ಗೆರೆ ಎಳೆಯುತ್ತ ಹೋದರು. ಕೊನೆಗೆ ಉಳಿದದ್ದು ಅವರ ಹೆಸರು ಮತ್ತು ಶಾಲೆಯ ವಿಳಾಸ.

“ಇದರಾಗ ನಾ ಎಲ್ಲಿ ಅದೇನ್ರಿ, ಸರ್?” ಎಂದರು.

“ಎಲ್ಲಾ ನಿಮ್ಮ ಬಗ್ಗೇನ ಐತಲ್ರಿ.”

“ಸಜ್ಜನಿಕೆ ಅಂತ ಬರದೀರಿ. ನಾ ಯಾವಾಗ ಸಜ್ಜನ ಆಗಿದ್ನಿ, ಒಂದು ಸಲ ನೆನಪು ಮಾಡಿ ಹೇಳ್ರಿ ನೋಡೂಣು.”

ನೆನಪು ಮಾಡಿ ನೋಡಿದೆ. ನೆನಪಾಗಲಿಲ್ಲ.

ಚೌಕಟ್ಟಿನೊಳಗೆ ಕೊನೆಗೆ ಎರಡೇ ಸಾಲು ಹೋದವು. ಹೋಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಶೇಷಣಗಳನ್ನು ಆದಷ್ಟು ದೂರ ಇಟ್ಟಿದ್ದೇನೆ. ಹೆಸರನ್ನೂ ಬರೆಯುವುದಿಲ್ಲ, ಅವರಿಗೆ ಹಿಡಿಸುವುದಿಲ್ಲ. ಹಾನಗಲ್ ತಾಲ್ಲೂಕಿನಲ್ಲಿ, ತಿಳವಳ್ಳಿ ಬಸ್ಸು ಹಾದುಹೋಗುವ ಒಂದು ಊರಿನ ಹೈಸ್ಕೂಲು ನಮ್ಮದು ಎಂದರೆ ಸಾಕು.

ಬಾಯಾರು ಸವಣೂರಿನವರು. ಗಿಡ್ಡ ಆಳು, ದೊಡ್ಡ ದನಿ. ಹಾನಗಲ್ಲಿನಲ್ಲಿ ಒಂದು ಕೋಣೆ ಮಾಡಿಕೊಂಡಿದ್ದರು. ಭಾನುವಾರ ಸವಣೂರಿಗೆ, ಅಕ್ಕನ ಮನೆಗೆ ಹೋಗಿ, ಸೋಮವಾರ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟು ತರುತ್ತಿದ್ದರು. ಮಧ್ಯಾಹ್ನ ಬುತ್ತಿ ಉಂಡಾದ ಮೇಲೆ ಒಂದು ಎಲೆ ತೆಗೆದು, ತೊಟ್ಟು ಮುರಿದು, ಸುಣ್ಣ ಸವರಿ ನಮಗೂ ಕೊಡುತ್ತಿದ್ದರು. ಯಾರಾದರೂ ಬೇರೆ ಊರಿನ ಎಲೆ ಮುಂದೆ ಹಿಡಿದರೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಆಡಿಗೆ ಹಾಕ್ರಿ” ಎಂದು ವಾಪಸ್ ಕೊಡುತ್ತಿದ್ದರು. ಎರಡೂ ಕೈ ತುಂಬ ಗಾಜಿನ ಬಳೆ. ಅವರು ವರಾಂಡದಲ್ಲಿ ಬರುತ್ತಿದ್ದರೆ ಬಳೆಗಳ ಸಪ್ಪಳ ಮುಂದೆ ಬರುತ್ತಿತ್ತು, ಅವರು ಹಿಂದೆ ಬರುತ್ತಿದ್ದರು. ಅಷ್ಟರಲ್ಲಿ ಮಕ್ಕಳು ಗದ್ದಲ ನಿಲ್ಲಿಸಿ ಪುಸ್ತಕದೊಳಗೆ ಮುಖ ಹಾಕಿ ಕೂತಿರುತ್ತಿದ್ದರು. ಬಸ್ಸಿನಲ್ಲಿ ಕೊಡೆ ಮರೆಯುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಮಕ್ಕಳಿಗೆ ಲಕ್ಷ್ಯದ ಪಾಠ ಹೇಳುವ ಬಾಯಾರ ಕೊಡೆಗಳು ಸವಣೂರು ಡಿಪೋದಲ್ಲಿ ರಾಶಿ ಬಿದ್ದಿವೆ ಎಂದು ನಾನು ಚುಡಾಯಿಸುತ್ತಿದ್ದೆ. “ಕೊಡೀಗೆ ಇಡೋ ಲಕ್ಷ್ಯಾನ ನಾ ಬ್ಯಾರೆ ಕಡೆ ಇಟ್ಟೇನ್ರಿ” ಎನ್ನುತ್ತಿದ್ದರು.

ಆ ಬೇರೆ ಕಡೆ ಎಂದರೆ ಶಬ್ದಗಳು. ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಒಂದು ಅಂಕಕ್ಕೆ ‘ಅಟೆನ್ಷನ್’ ಶಬ್ದದ ಸಮಾನಾರ್ಥಕ ಬರೆಯಿರಿ ಎಂದು ಕೇಳುವುದುಂಟು. ಪೇಟೆಯ ಗೈಡುಗಳಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಅಟೆನ್ಷನ್ ಎಂದರೆ ನೋಟಿಸ್, ಹೀಡ್, ಕೇರ್, ಮೈಂಡ್; ನಡುನಡುವೆ ಸಮ ಚಿಹ್ನೆ. ಆ ಚಿಹ್ನೆ ಕಂಡರೆ ಬಾಯಾರಿಗೆ ಮೈಯೆಲ್ಲ ಉರಿ.

“ಇದು ಗಣಿತದವರ ಸಾಮಾನು, ನನ್ನ ಕ್ಲಾಸಿನ್ಯಾಗ ತರಬ್ಯಾಡ್ರಿ” ಎಂದು ಮಕ್ಕಳಿಗೆ ಹೇಳುತ್ತಿದ್ದರು. “ಈ ಶಬ್ದಗೋಳು ಬೀಗರು ಇದ್ದಂಗ, ಅವಳಿ-ಜವಳಿ ಅಲ್ಲ. ಒಂದ ಮದವ್ಯಾಗ ಬಂದು ಕೂಡತಾವ, ಊಟ ಆದ ಮ್ಯಾಲೆ ತಮ್ಮ ತಮ್ಮ ಊರಿಗೆ ಹೋಗ್ತಾವ. ಎರಡು ಶಬ್ದದ ಅರ್ಥ ಪೂರಾ ಒಂದ ಇದ್ದಿದ್ರ ಒಂದು ಯಾವಾಗೋ ಸತ್ತು ಹೋಗಿರ್ತಿತ್ತು.”

ಮಕ್ಕಳ ಉತ್ತರಗಳು ಕಡಿಮೆ ಇರಲಿಲ್ಲ. ‘ಅಟೆನ್ಷನ್ ಎಂದರೆ ಹಿಮ್ಮಡಿ ಕೂಡಿಸಿ, ಮುಷ್ಟಿ ಬಿಗಿದು ನಿಲ್ಲುವುದು’ ಎಂದು ಒಬ್ಬ ಬರೆದಿದ್ದ. ಪಿಟಿ ಮಾಸ್ತರ ಕಡೆ ಅದರ ಅರ್ಥ ಅಷ್ಟೇ ಇದೆ ಎಂದು ಅವನಿಗೆ ಅರ್ಧ ಅಂಕ ಸಿಕ್ಕಿತು. ‘ನೋಟಿಸ್’ ಎಂದಾಗ ಇನ್ನೊಬ್ಬ ಎದ್ದು ನಿಂತು, “ಬ್ಯಾಂಕಿಂದ ಅದು ಬಂದ್ರ ಮನ್ಯಾಗ ಎಲ್ಲಾರೂ ಅಳತಾರ್ರಿ” ಎಂದ. ಬಾಯಾರು ನಗಲಿಲ್ಲ. ಮುಂದೆ ಮಕ್ಕಳನ್ನು ಆಡೂರಿಗೆ ಕರೆದುಕೊಂಡು ಹೋದಾಗ ಶಾಸನದ ಕಲ್ಲಿನ ಮುಂದೆ ಅದೇ ಹುಡುಗನನ್ನು ನಿಲ್ಲಿಸಿ, “ಇದೂ ನೋಟಿಸ್ ನೋಡಪಾ, ಅರಸರು ಕೊಟ್ಟದ್ದು. ಕಣ್ಣಿಗೆ ಬೀಳಲಿ ಅಂತ ಕಲ್ಲಿನ್ಯಾಗ ಕಡಿಸ್ಯಾರ. ಆದ್ರೂ ನೀ ಅದಕ್ಕ ಬೆನ್ನು ಹಚ್ಚಿ ಶೇಂಗಾ ತಿನ್ನಾಕತ್ತೀದಿ” ಎಂದರು. ಹುಡುಗ ಶೇಂಗಾ ಕಿಸೆಗೆ ಹಾಕಿಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದ.

ಕನ್ನಡದ ಶಬ್ದ ಬೇಕಾದಾಗ ಬಾಯಾರು ನನ್ನ ಮೇಲೆ ದಾಳಿ ಮಾಡುತ್ತಿದ್ದರು. ಗಮನ, ಲಕ್ಷ್ಯ, ಅವಧಾನ, ನಿಗಾ ಎಂದು ನಾನು ಕೊಡುತ್ತಿದ್ದೆ. ಖಬರು, ನದರು, ಧ್ಯಾಸ ಎಂದು ಅವರು ಸವಣೂರಿನ ಗಂಟು ಬಿಚ್ಚುತ್ತಿದ್ದರು. ಒಂದು ದಿನ, “ಗಮನ ಅಂದ್ರ ಹೋಗೂದಲ್ರಿ? ಬಸ್ ಸ್ಟ್ಯಾಂಡಿನ್ಯಾಗ ಆಗಮನ, ನಿರ್ಗಮನ ಅಂತ ಬರದಿರತಾರ” ಎಂದು ತಗಾದೆ ತೆಗೆದರು. “ಹೌದ್ರಿ, ಮನಸ್ಸು ಎದ್ದು ಅಲ್ಲಿಗೆ ಹೋಗೂದ ಗಮನ” ಎಂದೆ. ಅವರು ಎಲೆ ಮೆಲ್ಲುತ್ತ, “ಇದು ಚಲೋ ಐತಿ” ಎಂದರು. ಅವರ ಬಾಯಿಂದ ನನಗೆ ಸಿಕ್ಕ ದೊಡ್ಡ ಬಿರುದು ಅದೇ ಇರಬೇಕು.

ಆದರೆ ‘ಕೇಳು’ ಎಂಬ ಶಬ್ದದ ಮೇಲೆ ನಮಗೆ ಜಗಳವೇ ಆಯಿತು. ‘ಹೀಡ್’ ಶಬ್ದಕ್ಕೆ ಕನ್ನಡದಲ್ಲಿ ಏನು ಎಂದು ಅವರು ಕೇಳಿದರು. ಮಾತು ಕೇಳುವುದು ಎಂದೆ. ಹಾಗಾದರೆ ‘ಲಿಸನ್’? ಕೇಳುವುದು. ‘ಹಿಯರ್’? ಅದೂ ಕೇಳುವುದು. ‘ಆಸ್ಕ್’? ಅದೂ ಕೇಳುವುದೇ.

“ಕಿವೀಗೆ ಬೀಳೂದೂ ಕೇಳೂದು, ಕಿವಿಗೊಟ್ಟು ಕೂಡೂದೂ ಕೇಳೂದು, ಹೇಳಿದ್ದನ್ನ ಪಾಲಿಸೂದೂ ಕೇಳೂದು. ಪ್ರಶ್ನೆ ಹಾಕೂದೂ ಕೇಳೂದನ! ಭಾಳ ಜಿಪುಣ ಭಾಷಾ ಐತ್ರಿ ನಿಮ್ಮದು.”

“ನಿಮ್ಮದಲ್ಲೇನ್ರಿ? ಸವಣೂರಾಗ ಅಕ್ಕನ ಕೂಡ ಇಂಗ್ಲಿಷ್ ಮಾತಾಡ್ತೀರೇನು?” ಎಂದು ನಾನು ಸಿಟ್ಟಿನಿಂದ ಎದ್ದು ಹೋದೆ. ಆ ದಿನ ಅವರು ಕೊಟ್ಟ ಎಲೆಯನ್ನೂ ಮುಟ್ಟಲಿಲ್ಲ. ಈ ಜಗಳವನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ರೇಣುಕಾ ಎಂಬ ಹುಡುಗಿಯ ಮುಂದಿನ ಬದುಕು ಆ ಒಂದು ಶಬ್ದದಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅದು ಆಗ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ರೇಣುಕಾ ಒಂಬತ್ತನೆಯ ತರಗತಿಯ ಹುಡುಗಿ, ಮೈಕಿನ ಫಕ್ಕೀರಪ್ಪನ ಮಗಳು. ಫಕ್ಕೀರಪ್ಪನ ಆಟೋದ ತಲೆಯ ಮೇಲೆ ಎರಡು ಧ್ವನಿವರ್ಧಕಗಳಿದ್ದವು. ಮದುವೆಗೆ, ಸಭೆಗೆ ಮೈಕು ಹಚ್ಚುವುದು, ಪಂಚಾಯಿತಿಯವರು ಹೇಳಿದ್ದನ್ನು ಓಣಿ ಓಣಿಗೆ ಸಾರುವುದು ಅವನ ಉದ್ಯೋಗ. “ಗ್ರಾಮಸ್ಥರ ಗಮನಕ್ಕೆ! ಎಲ್ಲಾರೂ ಲಕ್ಷ್ಯ ಕೊಟ್ಟು ಕೇಳ್ರಿ!” ಎಂದು ಅವನು ರಾಗ ಎಳೆದರೆ ಆಚೆ ಊರಿನವರೂ ಹೊರಗೆ ಬಂದು ನಿಲ್ಲುತ್ತಿದ್ದರು. ಅಂಥವನ ಮಗಳಿಗೆ ಶಾಲೆಯಲ್ಲಿದ್ದ ಹೆಸರು ‘ಲಕ್ಷ್ಯ ಇಲ್ಲದವಳು’. ಕರೆದರೆ ಏಳುತ್ತಿರಲಿಲ್ಲ. ಹಾಜರಿ ಕೂಗಿದರೆ ಪಕ್ಕದವಳು ಮೊಣಕೈಯಿಂದ ತಿವಿಯಬೇಕು. ಬಾಯಾರ ಬಳೆ ಸಪ್ಪಳಕ್ಕೆ ತರಗತಿಯೆಲ್ಲ ತಣ್ಣಗಾದರೂ ಇವಳೊಬ್ಬಳು ಹಿಂದಕ್ಕೆ ತಿರುಗಿ, ಹಿಂದಿನ ಬೆಂಚಿನವರ ಮುಖ ನೋಡುತ್ತ ನಗುತ್ತಿರುತ್ತಿದ್ದಳು.

ಒಂದು ದಿನ ಅಪ್ಪನನ್ನು ಶಾಲೆಗೆ ಕರೆಸಿದರು. ಅವನು ಬಂದು ಮಾಸ್ತರರೆಲ್ಲರ ಮುಂದೆ ಕೈ ಮುಗಿದು ನಿಂತ.

“ಹೊಡೀರಿ ಸರ್, ನನಗ ಹೇಳಾಕ ಬರಬ್ಯಾಡ್ರಿ. ಮನ್ಯಾಗೂ ಹಿಂಗ ಐತಿ. ಎಷ್ಟ ಬಡಕೊಂಡ್ರೂ ಈಕಿ ಮಾತ ಕೇಳಂಗಿಲ್ಲ. ಈ ಪರೀಕ್ಷಾ ಮುಗೀಲಿ, ಹಿರೇಕೆರೂರಾಗ ನಮ್ಮ ತಂಗಿ ಮನ್ಯಾಗ ಬಿಟ್ಟು ಬರ್ತೇನಿ. ಮನಿಗೆಲಸ ಮಾಡಕೊಂಡು ಇರಲಿ. ಸಾಲಿ ಸಾಕು.”

ರೇಣುಕಾ ಪಕ್ಕದಲ್ಲಿ ನಿಂತು ಅಪ್ಪನ ಬಾಯನ್ನೇ ನೋಡುತ್ತಿದ್ದಳು. ಹಿರೇಕೆರೂರು ಎಂದದ್ದು ಅವಳಿಗೆ ಗೊತ್ತಾಯಿತು. ಕೆಳತುಟಿ ಕಚ್ಚಿ ಹಿಡಿದುಕೊಂಡಳು.

ಜನವರಿಯ ಧ್ವಜಾರೋಹಣದ ದಿನ ಫಕ್ಕೀರಪ್ಪನದೇ ಮೈಕು. ಮುಖ್ಯ ಗುರುಗಳು ಭಾಷಣಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮೈಕು ಕಿಂಯ್ ಎಂದು ಚೀರಿತು. ಶಾಲೆಗೆ ಶಾಲೆಯೇ ಕಿವಿ ಮುಚ್ಚಿಕೊಂಡಿತು. ನಾನೂ ಮುಚ್ಚಿಕೊಂಡೆ. ಬಾಯಾರು ಮುಚ್ಚಿಕೊಳ್ಳಲಿಲ್ಲ. ಅವರು ಸಾಲಿನ ನಡುವೆ ಒಂದೇ ಕಡೆ ನೋಡುತ್ತಿದ್ದರು. ಅಲ್ಲಿ ರೇಣುಕಾ ಧ್ವಜದ ಕಡೆ ಮುಖ ಮಾಡಿ ಆರಾಮಾಗಿ ನಿಂತಿದ್ದಳು. ಆಮೇಲೆ ಸುತ್ತಲಿನವರನ್ನು ನೋಡಿ, ಎಲ್ಲರೂ ಮಾಡುತ್ತಿದ್ದಾರೆ ಎಂದು ತಾನೂ ಕಿವಿ ಮುಚ್ಚಿಕೊಂಡಳು. ಅಷ್ಟರಲ್ಲಿ ಮೈಕು ಸುಮ್ಮನಾಗಿತ್ತು.

ಮರುದಿನ ಬಾಯಾರು ನನ್ನನ್ನು ತಮ್ಮ ತರಗತಿಗೆ ಕರೆದೊಯ್ದು ಬಾಗಿಲಲ್ಲಿ ನಿಲ್ಲಿಸಿದರು. ಒಬ್ಬೊಬ್ಬರ ಬೆನ್ನ ಹಿಂದೆ, ಕಿವಿಯ ಹತ್ತಿರವೇ ಬಾಗಿ ಸಣ್ಣ ದನಿಯಲ್ಲಿ ಒಂದು ಶಬ್ದ ಹೇಳುವುದು, ಅವರು ಅದನ್ನು ತಿರುಗಿ ಹೇಳುವುದು, ಹೀಗೊಂದು ಆಟ ಹೂಡಿದರು. ರೇಣುಕಾಳ ಹಿಂದೆ ನಿಂತು ‘ಸಂತಿ’ ಎಂದರು. ಅವಳು, “ಅಂತಿ” ಎಂದಳು. ‘ಸೂಜಿ’ ಎಂದರೆ “ಊಜಿ.” ಮಕ್ಕಳು ನಕ್ಕರು. ಬಾಯಾರು ಮುಂದೆ ಬಂದು, ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಅವೇ ಶಬ್ದಗಳನ್ನು ಅಷ್ಟೇ ಸಣ್ಣ ದನಿಯಲ್ಲಿ ಹೇಳಿದರು. ಎರಡೂ ಸರಿಯಾಗಿ ಬಂದವು.

“ನಾ ಕರಿ ಫಳಿ ಕಡೆ ತಿರುಗಿ ಬರಿಯೂಮುಂದ ಮಾತಾಡಿದ್ದು ನಿನಗ ತಿಳೀತೈತೇನು?” ಎಂದು ಕೇಳಿದರು.

“ಇಲ್ರಿ. ನೀವು ತಿರುಗಿದ್ರ ಮಾತು ಹೋಗಿಬಿಡತಾವ್ರಿ.” ಆಮೇಲೆ ಬಾಯಾರ ಮುಖ ನೋಡಿ ಅವಳಿಗೆ ಅನುಮಾನ ಬಂತು. “ಎಲ್ಲಾರಿಗೂ ಹಂಗ ಅಲ್ಲೇನ್ರಿ?”

ಅಷ್ಟು ವರ್ಷ ಆ ಕೂಸು, ಜಗತ್ತಿನಲ್ಲಿ ಎಲ್ಲರಿಗೂ ಬೆನ್ನ ಹಿಂದಿನ ಮಾತು ಕೇಳುವುದಿಲ್ಲ ಎಂದೇ ತಿಳಿದುಕೊಂಡಿತ್ತು.

ಸ್ಟಾಫ್ ರೂಮಿಗೆ ಬಂದ ಮೇಲೆ ಬಾಯಾರು ಕೂಡಲಿಲ್ಲ, ಆ ಗೋಡೆಯಿಂದ ಈ ಗೋಡೆಗೆ ಓಡಾಡಿದರು. “ಅವರಪ್ಪ ಏನಂದ? ಹೇಳ್ರಿ ಸರ್.”

“ಮಾತ ಕೇಳಂಗಿಲ್ಲ ಅಂದ.”

“ಖರೇ ಏನು?”

“ಕೇಳಸಂಗಿಲ್ಲ” ಎಂದೆ.

ಬಾಯಾರು ಮೇಜು ಗುದ್ದಿದರು. ಬಳೆಯೊಂದು ಒಡೆಯಿತು. “ನಡುವ ಒಂದು ‘ಸ’ ಅಷ್ಟ ರೀ! ಆಕಿಗೆ ಅದ ‘ಸ’ನ ಕೇಳಸಂಗಿಲ್ಲ. ಹಠಮಾರಿ ಅಂತ ಹೊಡಸಕೊಳ್ಳಾಕತ್ತಾಳ ಹುಡುಗಿ!” ಆಮೇಲೆ ಒಡೆದ ಬಳೆಯ ಚೂರು ಆರಿಸುತ್ತ, “ಕನ್ನಡಕ್ಕ ಜಿಪುಣ ಅಂದಿದ್ದೆ. ಆ ಮಾತು ವಾಪಸ್ ತೊಗೊಂಡೇನ್ರಿ. ಈ ಹುಡುಗಿ ಮಾತ್ರ ಹಿರೇಕೆರೂರಿಗೆ ಹೋಗಬಾರದು. ನಾ ಬಿಡಂಗಿಲ್ಲ” ಎಂದರು.

ಬಿಡಲೂ ಇಲ್ಲ. ಆ ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ನನ್ನನ್ನೂ ಎಳೆದುಕೊಂಡು ಫಕ್ಕೀರಪ್ಪನ ಮನೆಗೆ ಹೋದರು. ಅವನು ಪಡಸಾಲೆಯಲ್ಲಿ ವೈರುಗಳ ನಡುವೆ ಕೂತಿದ್ದ. ಬಾಯಾರು ನಿಂತಲ್ಲಿಂದಲೇ ವಿಷಯ ಹೇಳಿದರು. ಶಿಗ್ಗಾಂವಿಯಲ್ಲಿ ತಿಂಗಳಿಗೊಮ್ಮೆ ಕಿವಿ ತಪಾಸಣೆಯ ಶಿಬಿರ ನಡೆಯುತ್ತದೆ, ಹುಡುಗಿಯನ್ನು ಕರೆದೊಯ್ಯಬೇಕು ಎಂದರು. ಫಕ್ಕೀರಪ್ಪ ಎದ್ದು ಹೋಗಿ ಮೊದಲು ಬೀದಿ ಬಾಗಿಲು ಹಾಕಿ ಬಂದ.

“ಬಾಯಾರ, ಸಣ್ಣಗ ಮಾತಾಡ್ರಿ. ಮಾತ ಕೇಳಂಗಿಲ್ಲ ಅಂತ ನೀವು ಊರ ತುಂಬ ಹೇಳ್ರಿ, ನಂದೇನೂ ತಕರಾರಿಲ್ಲ. ಹಠಮಾರಿಗೆ ಗಂಡ ಸಿಗತಾನ. ಕಿವುಡಿಗೆ ಯಾರು ಸಿಗತಾರ್ರಿ?”

ಊರಿಗೆಲ್ಲ ಕೂಗಿ ಹೇಳುವ ಮನುಷ್ಯ ಆ ಒಂದು ಶಬ್ದವನ್ನು ಪಿಸುಗುಟ್ಟಿದ. ಬಾಯಾರಿಗೆ ತಡೆಯಲಾಗಲಿಲ್ಲ. “ಮೈಕಿನ್ಯಾಗ ಆವಾಜ ಬರದಿದ್ರ ನೀವು ಮೈಕಿಗೆ ಹೊಡಿತೀರೇನು? ವೈರ್ ನೋಡ್ತೀರಿಲ್ಲೋ? ಹಂಗ ಕಿವೀನೂ ನೋಡಸ್ರಿ” ಎಂದುಬಿಟ್ಟರು.

“ನನ್ನ ಮಗಳು ಮಷಿನ್ ಅಲ್ರಿ, ಬಾಯಾರ” ಎಂದ ಫಕ್ಕೀರಪ್ಪ. ಅವನ ಕಣ್ಣು ಕೆಂಪಾಗಿದ್ದವು. ಬಾಯಾರು ಚೀಲ ಹೆಗಲಿಗೇರಿಸಿ ಹೊರಟರು. ಬಸ್ಸು ಬಂದಾಗ, “ಅಂವ ಹೇಳಿದ್ದು ಬರೋಬ್ಬರಿ ಐತಿ. ನಾ ಹೇಳಿದ ರೀತಿ ತಪ್ಪು. ಮುಂದಿನ ಶನಿವಾರ ಬ್ಯಾರೆ ರೀತಿ ಹೇಳೂಣು” ಎಂದರು.

ಮುಂದಿನ ಶನಿವಾರ ಹೋದರು, ಅದರ ಮುಂದಿನ ಶನಿವಾರವೂ ಹೋದರು. ಫಕ್ಕೀರಪ್ಪ ಅವರನ್ನು ಕಂಡು ಹಿತ್ತಲ ಬಾಗಿಲಿಂದ ಪಾರಾದದ್ದೂ ಉಂಟು. ಬಾಯಾರು ಅವನ ಹೆಂಡತಿ ಕೊಟ್ಟ ಚಹಾ ಕುಡಿದು, “ಬಂದಿದ್ದೆ ಅಂತ ಹೇಳವಾ” ಎಂದು ಎದ್ದು ಬರುತ್ತಿದ್ದರು. ಸಾಕು ಬಿಡಿ, ಬೇರೆಯವರ ಮನೆಯ ವಿಷಯ ಎಂದು ಶಾಲೆಯಲ್ಲಿ ಹಿತವಚನ ಹೇಳಿದವರಿಗೆ, “ಲಕ್ಷ್ಯ ಇಡ್ರಿ ಅಂತ ಮಕ್ಕಳಿಗೆ ಹೇಳೂದಷ್ಟ ನಮ್ಮ ಕೆಲಸೇನ್ರಿ? ನಾವು ಇಡೂದು ಯಾವಾಗ?” ಎಂದು ಎಗರಿ ಬೀಳುತ್ತಿದ್ದರು. ಹೇಳಿದೆನಲ್ಲ, ಸಜ್ಜನಿಕೆ ಅವರದಲ್ಲ.

ಪರೀಕ್ಷೆ ಹತ್ತಿರ ಬಂದಿತ್ತು. ಹಿರೇಕೆರೂರಿಗೆ ಒಯ್ಯುವ ಚೀಲ ಪಡಸಾಲೆಯ ಗೂಟಕ್ಕೆ ಆಗಲೇ ತೂಗಾಡುತ್ತಿತ್ತು. ಆ ದಿನ ಫಕ್ಕೀರಪ್ಪ ಸಿಕ್ಕ. ರೇಣುಕಾ ಅಂಗಳದಲ್ಲಿ ನಮಗೆ ಬೆನ್ನು ಮಾಡಿ ಕೂತು ಅಕ್ಕಿ ಆರಿಸುತ್ತಿದ್ದಳು. ನಾವು ಬಂದದ್ದು ಅವಳಿಗೆ ಗೊತ್ತಾಗಿರಲಿಲ್ಲ.

ಬಾಯಾರು ಈ ಸಲ ದನಿ ಏರಿಸಲಿಲ್ಲ. “ಫಕ್ಕೀರಪ್ಪ, ನಾ ಇನ್ನ ಬರೂದಿಲ್ಲ. ಒಂದ ಒಂದು ಕೆಲಸ ಮಾಡ್ರಿ. ಹಠಮಾರಿ ಹುಡುಗರು ಬ್ಯಾಡಾದ ಮಾತು ಕೇಳೂದಿಲ್ಲ, ಬೇಕಾದ ಮಾತು ಪಿಸುಗುಟ್ಟಿದ್ರೂ ಕೇಳ್ತಾವ. ಹೌದಿಲ್ಲೋ? ಆಕಿಗೆ ಭಾಳ ಬೇಕಾದ ಮಾತು ಒಂದು ಹೇಳ್ರಿ. ಆಕಿ ಬೆನ್ನ ಹಿಂದ ನಿಂತು ಹೇಳ್ರಿ.”

ಫಕ್ಕೀರಪ್ಪ ಕೈಯಲ್ಲಿದ್ದ ವೈರು ಕೆಳಗಿಟ್ಟು ಎದ್ದ. ಆಮೇಲೆ ಹೊಸ್ತಿಲು ದಾಟಿ, ಮಗಳ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ. “ರೇಣವ್ವಾ, ಹಿರೇಕೆರೂರಿಗೆ ಹೋಗೂದು ಬ್ಯಾಡ. ನೀ ಸಾಲೀಗೆ ಹೋಗು.”

ಅವಳು ಮೊರದಿಂದ ಒಂದು ಹರಳು ಆರಿಸಿ ಆಚೆ ಎಸೆದಳು.

“ರೇಣವ್ವಾ, ಸಾಲಿ ಬಿಡಸಂಗಿಲ್ಲವಾ ನಿನಗ” ಎಂದು ಇನ್ನೊಮ್ಮೆ ಹೇಳಿದ. ಅವಳು ಇನ್ನೊಂದು ಹರಳು ಎಸೆದಳು. ಒಳಬಾಗಿಲಲ್ಲಿ ನಿಂತಿದ್ದ ಅವಳ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಫಕ್ಕೀರಪ್ಪ ಒಳಗೆ ಬಂದು ವೈರುಗಳ ನಡುವೆ ಕುಸಿದು ಕೂತ. ನನಗೆ ಆ ಮನೆಯಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದು ಆಟೋದ ಚಕ್ರ ನೋಡುತ್ತ ನಿಂತೆ.

ಅವನು ಒಪ್ಪಿದ, ಒಂದು ಕರಾರಿನ ಮೇಲೆ. ಊರಲ್ಲಿ ಯಾರಿಗೂ ಗೊತ್ತಾಗಬಾರದು. “ನಾನಾಗಿ ಹೇಳೂದಿಲ್ಲ. ಆದ್ರ ಸುಳ್ಳೂ ಹೇಳೂದಿಲ್ಲ” ಎಂದರು ಬಾಯಾರು. ಫಕ್ಕೀರಪ್ಪ ಮಾತ್ರ ಓಣಿಯವರಿಗೆಲ್ಲ, ಮಗಳು ಬಾಯಾರ ಜೊತೆ ಗೊಟಗೋಡಿಯ ರಾಕ್ ಗಾರ್ಡನ್ ನೋಡಲು ಹೊರಟಿದ್ದಾಳೆ ಎಂದು ಹೇಳಿಟ್ಟಿದ್ದ. ಶಿಗ್ಗಾಂವಿಯಲ್ಲಿ ತಪಾಸಣೆ ಮುಗಿದ ಮೇಲೆ ನಾನು ಊರಿನ ಬಸ್ಸು ಹುಡುಕುತ್ತಿದ್ದರೆ ಬಾಯಾರು ಗೊಟಗೋಡಿಯ ಕಡೆಗೆ ನಡೆದೇಬಿಟ್ಟರು. ಹೇಳಿದ ಮೇಲೆ ನೋಡಲೇಬೇಕಂತೆ, ಇಲ್ಲದಿದ್ದರೆ ಸುಳ್ಳಾಗುತ್ತದಂತೆ. ಕಿವಿಯ ಯಂತ್ರ ಕೊಡಲು ಇನ್ನೊಮ್ಮೆ ಕರೆದಾಗಲೂ ಅದೇ ಗತಿ. ಒಕ್ಕುವ ರೈತ, ಬೀಸುವ ಹೆಂಗಸು, ಎಲ್ಲ ಸಿಮೆಂಟಿನ ಮೂರ್ತಿಗಳನ್ನೂ ನಾನು ಎರಡೆರಡು ಸಲ ನೋಡಿದ್ದೇನೆ.

ಎರಡನೆಯ ಸಲ ಆ ಮೂರ್ತಿಗಳ ನಡುವೆ ರೇಣುಕಾ ತಟ್ಟನೆ ನಿಂತಳು. ಕಿವಿಯಲ್ಲಿ ಹೊಸ ಯಂತ್ರ. ಅದರ ಮೇಲೆ ಅಪ್ಪನ ಕರಾರಿನಂತೆ ಜಡೆ ಇಳಿಬಿಟ್ಟಿದ್ದಳು. ಅತ್ತ ಇತ್ತ ನೋಡಿ, ಕೊನೆಗೆ ಬಾಯಾರ ಕೈ ಹಿಡಿದುಕೊಂಡಳು.

“ಬಾಯಾರ, ನಿಮ್ಮ ಕೈಯಾಗಿನ ಬಳಿ ಸಪ್ಪಳ ಮಾಡ್ತಾವೇನ್ರಿ?”

ಬಾಯಾರು ಬಗ್ಗಿದರು. ಕೈ ಅವಳ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಅಲ್ಲಾಡಿಸುತ್ತಲೇ ಇದ್ದರು. ಅಷ್ಟು ಹೊತ್ತು ಮಾತಿಲ್ಲದೆ ಇದ್ದ ಬಾಯಾರನ್ನು ನಾನು ನೋಡಿದ್ದು ಅದೊಂದೇ ಸಲ.

ಹಿರೇಕೆರೂರಿನ ಚೀಲ ಗೂಟದಿಂದ ಇಳಿಯಿತು. ರೇಣುಕಾ ಮುಂದಿನ ಬೆಂಚಿಗೆ ಬಂದಳು, ಹತ್ತನೆಯದನ್ನು ಪಾಸು ಮಾಡಿದಳು. ಈಗ ಹಾನಗಲ್ಲಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಯಂತ್ರದ ಮೇಲಿನ ಜಡೆ ಮಾತ್ರ ಸರಿಯಲಿಲ್ಲ. ಊರವರ ಪಾಲಿಗೆ ಅವಳು ಕರೆದರೆ ತಿರುಗಿ ನೋಡದ, ಸೊಕ್ಕಿನ ಹುಡುಗಿಯಾಗಿಯೇ ಉಳಿದಳು. ಬಾಯಾರು ಕೊಟ್ಟ ಮಾತು ಕೊಟ್ಟದ್ದೇ, ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಆದರೆ ದಾರಿಯಲ್ಲಿ ಫಕ್ಕೀರಪ್ಪ ಎದುರಾದಾಗಲೆಲ್ಲ, “ಜಡಿ ಯಾವಾಗ ಸರಸ್ತೀರಿ?” ಎಂದು ಕೇಳುವುದನ್ನೂ ಬಿಡಲಿಲ್ಲ. ಅವನು ಆಟೋ ಜೋರಾಗಿ ಓಡಿಸಿಕೊಂಡು ಹೋಗುತ್ತಿದ್ದ.

ಬೀಳ್ಕೊಡುಗೆಯ ದಿನ ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದೆವು. ಮೈಕು ಫಕ್ಕೀರಪ್ಪನದೇ, ಬಾಡಿಗೆ ಬೇಡ ಎಂದಿದ್ದ. ಊರೆಲ್ಲ ಸೇರಿತ್ತು. ಹಳೆಯ ವಿದ್ಯಾರ್ಥಿಗಳ ಪರವಾಗಿ ರೇಣುಕಾ ಎರಡು ಮಾತಾಡಲಿ ಎಂದು ನಿರೂಪಣೆ ಮಾಡುತ್ತಿದ್ದ ಪಿಟಿ ಮಾಸ್ತರರು ಹೆಸರು ಕೂಗಿದರು. ಅವಳು ವೇದಿಕೆಯ ಬಲಕ್ಕೆ, ಅವರಿಗೆ ಬೆನ್ನು ಮಾಡಿ, ಗೆಳತಿಯ ಕೂಸನ್ನು ಆಡಿಸುತ್ತ ನಿಂತಿದ್ದಳು. ಧ್ವನಿವರ್ಧಕಗಳ ಅಬ್ಬರದಲ್ಲಿ ಅವಳ ಯಂತ್ರಕ್ಕೆ ಮಾತು ಮಾತಾಗಿ ತಲುಪುವುದಿಲ್ಲ. ಇನ್ನೊಮ್ಮೆ ಕೂಗಿದರು. ಮೂರನೆಯ ಸಲ ಕೂಗಿದಾಗ ಹೆಂಗಸರ ಸಾಲಿನಿಂದ ಒಂದು ಮಾತು ಬಂತು. “ನೋಡವಾ ಸೊಕ್ಕು. ಕಾಲೇಜ ಕಟ್ಟಿ ಹತ್ತ್ಯಾಳಲ್ಲ, ಕರದ್ರ ಕೇಳಂಗಿಲ್ಲ.” ನಾಲ್ಕು ಜನ ನಕ್ಕರು.

ಬಾಯಾರು ಮಾಲೆ ಹಾಕಿಕೊಂಡು ವೇದಿಕೆಯ ಮೇಲೆ ಕೂತಿದ್ದರು. ಕುರ್ಚಿಯ ತುದಿಗೆ ಬಂದದ್ದು ನನಗೆ ಕಂಡಿತು. ಎದ್ದೇಳುತ್ತಾರೆ ಎಂದುಕೊಂಡೆ, ಏಳಲಿಲ್ಲ. ಕೊಟ್ಟ ಮಾತು ಅಡ್ಡ ಬಂದಿತ್ತು. ಮೈಕಿನ ಪೆಟ್ಟಿಗೆಯ ಹತ್ತಿರ ಕೂತಿದ್ದ ಫಕ್ಕೀರಪ್ಪನನ್ನು ಅವರು ನೆಟ್ಟ ನೋಟದಿಂದ ನೋಡಿದರು.

ಫಕ್ಕೀರಪ್ಪ ಎದ್ದ. ವೇದಿಕೆ ಹತ್ತಿ ಪಿಟಿ ಮಾಸ್ತರರ ಕೈಯಿಂದ ಮೈಕು ತೆಗೆದುಕೊಂಡ. ಬಾಯಿ ತೆರೆದರೆ ರೂಢಿಯ ಮಾತೇ ಮೊದಲು ಬಂತು.

“ಗ್ರಾಮಸ್ಥರ ಗಮನಕ್ಕೆ!” ಎಂದ. ರಾಗ ಮಾತ್ರ ಇರಲಿಲ್ಲ. “ಎಲ್ಲಾರೂ ಲಕ್ಷ್ಯ ಕೊಟ್ಟು ಕೇಳ್ರಿ. ನನ್ನ ಮಗಳು ಮಾತ ಕೇಳಂಗಿಲ್ಲ ಅಂತ ಊರಿಗೆಲ್ಲ ಹೇಳಿದಾವ ನಾನ. ಅದು ಸುಳ್ಳು. ಆಕಿಗೆ ಕೇಳಸಂಗಿಲ್ಲ. ಕಿವ್ಯಾಗ ಮಷಿನ್ ಐತಿ. ಆಕೀನ ಮಾತಾಡಸೂದಿದ್ರ ಮುಂದ ಬಂದು, ಮಖಾ ನೋಡಿ ಮಾತಾಡಸ್ರಿ.”

ಆ ಮಾತು ಎರಡೂ ಧ್ವನಿವರ್ಧಕಗಳಿಂದ ಹೊರಟು ಓಣಿ ಓಣಿಗೆ ಹೋಯಿತು. ಜನರೆಲ್ಲ ಒಮ್ಮೆಗೇ ತನ್ನ ಕಡೆ ನೋಡುತ್ತಿರುವುದನ್ನು ಕಂಡು ರೇಣುಕಾ ಗಾಬರಿಯಾಗಿ ಬಾಯಾರ ಹತ್ತಿರ ಓಡಿ ಬಂದಳು.

“ಅಪ್ಪ ಏನಂದಾರ್ರಿ, ಬಾಯಾರ?”

“ನನ್ನೇನು ಕೇಳ್ತಿ? ಅವರನ್ನ ಕೇಳು” ಎಂದು ಬಾಯಾರು ಅವಳ ಎರಡೂ ಹೆಗಲು ಹಿಡಿದು ಫಕ್ಕೀರಪ್ಪನ ಕಡೆ ತಿರುಗಿಸಿದರು.

ಫಕ್ಕೀರಪ್ಪ ಮೈಕು ಬಂದ್ ಮಾಡಿ ಕೆಳಗಿಟ್ಟ. ಮಗಳ ಎದುರಿಗೆ ಬಂದು ನಿಂತು ಅದೇ ಮಾತನ್ನು ಬರಿ ಬಾಯಲ್ಲಿ ಇನ್ನೊಮ್ಮೆ ಹೇಳಿದ. ಅವಳು ಅವನ ತುಟಿಗಳನ್ನು ಕೊನೆಯವರೆಗೂ ನೋಡಿದಳು. ಆಮೇಲೆ ಕಿವಿಯ ಮೇಲಿನ ಜಡೆಯನ್ನು ತೆಗೆದು ಬೆನ್ನಿಗೆ ಹಾಕಿಕೊಂಡಳು.

“ಕೇಳಿಸ್ತಪ್ಪಾ” ಎಂದಳು.

ಬಾಯಾರು ನನ್ನ ಕಡೆ ತಿರುಗಿದರು. ಕೊರಳ ತುಂಬ ಮಾಲೆ, ಕನ್ನಡಕದ ಕೆಳಗೆ ನೀರು. “‘ಸ’ ನೋಡ್ರಿ ಸರ್, ಎಷ್ಟು ಚೊಕ್ಕ ಬಂತು” ಎಂದರು.